ಹದಿಹರೆಯದವರ ಲೈಂಗಿಕ ಶಿಕ್ಷಣ (ಭಾರತ)

10ರಿಂದ 19 ವರ್ಷದವರಿಗೆ ಮೈಯ ಬೆಳವಣಿಗೆ, ಮುಟ್ಟು, ಗರ್ಭಧಾರಣೆ ಮತ್ತು ಅದರ ತಡೆ, ಲೈಂಗಿಕವಾಗಿ ಹರಡುವ ಸೋಂಕುಗಳು, ಒಪ್ಪಿಗೆ, ಸ್ನೇಹ-ಪ್ರೇಮಗಳಲ್ಲಿನ ಹೊಣೆ ಇವುಗಳ ಬಗ್ಗೆ ವಯಸ್ಸಿಗೆ ತಕ್ಕಂತೆ ಕೊಡುವ ತಿಳಿವಳಿಕೆ. ಭಾರತದ ಶಾಲೆಗಳಲ್ಲಿ ಇದರ ಶರೀರಶಾಸ್ತ್ರದ ಭಾಗ ಹೇಗೋ ಒಳಗೆ ಬಂದಿದೆ. ಸಂಬಂಧಗಳ ಭಾಗ ಬಹುಮಟ್ಟಿಗೆ ಹೊರಗೇ ಉಳಿದಿದೆ.

ಕೇಂದ್ರ ಸರ್ಕಾರವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆಗೂಡಿ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಹುಟ್ಟಿಗೆ ಕಾರಣ ಎಚ್‌ಐವಿಯ ಭಯವಾದ್ದರಿಂದ ಆರೋಗ್ಯಕ್ಕಿಂತ ರೋಗದ ನೆರಳೇ ಅದರ ಮೇಲೆ ದಟ್ಟವಾಗಿತ್ತು. ಶಿಕ್ಷಕರ ಕೈಪಿಡಿಯ ಚಿತ್ರಗಳು ಅಶ್ಲೀಲವೆಂಬ ಕೂಗೆದ್ದು, 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಕರ್ನಾಟಕ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯು 2009ರಲ್ಲಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಹೇಳುವುದಿದ್ದರೆ ಪದವಿಪೂರ್ವ ಹಂತದ ಜೀವಶಾಸ್ತ್ರದಲ್ಲಿ ಹೇಳಲಿ ಎಂದಿತು. ಅಷ್ಟು ಹೊತ್ತಿಗೆ ಹೆಚ್ಚಿನ ಮಕ್ಕಳು ಮೈನೆರೆದು ನಾಲ್ಕೈದು ವರ್ಷ ಕಳೆದಿರುತ್ತದೆಂಬುದನ್ನು ಸಮಿತಿ ದೊಡ್ಡ ಅಡ್ಡಿಯೆಂದು ಎಣಿಸಲಿಲ್ಲ.

ಪಠ್ಯದಲ್ಲಿ ಇದ್ದರೂ ಪಾಠ ಆಗದಿರುವುದುಂಟು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಹೂವಿನ ಪರಾಗಸ್ಪರ್ಶವನ್ನು ಬಿಡಿಸಿ ಹೇಳುವ ಮೇಷ್ಟ್ರು ಮನುಷ್ಯರ ಭಾಗಕ್ಕೆ ಬಂದಾಗ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುತ್ತಾರೆ. ಮನೆಯಲ್ಲಿ ಮಾತಿಲ್ಲ. ಮಗಳು ದೊಡ್ಡವಳಾದಳೆಂದು ನೆಂಟರನ್ನೆಲ್ಲ ಕರೆದು ಆರತಿ ಎತ್ತುವ ಮನೆಯಲ್ಲೂ ರಕ್ತ ಏಕೆ ಬರುತ್ತದೆಂದು ಅವಳನ್ನು ಕೂರಿಸಿಕೊಂಡು ಹೇಳುವವರು ಅಪರೂಪ. ಹುಡುಗರಿಗೆ ಆ ಆರತಿಯೂ ಇಲ್ಲ. ಸ್ವಪ್ನಸ್ಖಲನ, ಹಸ್ತಮೈಥುನಗಳಿಂದ ದೇಹ ಸೊರಗುತ್ತದೆಂಬ ಅಂಜಿಕೆ ಅವರಲ್ಲಿ ಆಳವಾಗಿ ಬೇರೂರಿದೆ. ವೀರ್ಯನಷ್ಟದ ಈ ಚಿಂತೆ ತರುವ ಸುಸ್ತು, ಖಿನ್ನತೆಗಳನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಸ್ವಪ್ನಸ್ಖಲನ, ಹಸ್ತಮೈಥುನಗಳೆರಡೂ ಸಹಜ, ಹಾನಿಯಿಲ್ಲ ಎಂಬ ಒಂದು ಮಾತನ್ನು ಶಾಲೆ ಹೇಳದಿದ್ದಾಗ, ಗುಪ್ತರೋಗ ತಜ್ಞರೆಂದು ಬಸ್ ನಿಲ್ದಾಣದ ಗೋಡೆಗಳಲ್ಲಿ ಜಾಹೀರಾತು ಅಂಟಿಸುವವರು ಆ ಜಾಗ ತುಂಬುತ್ತಾರೆ. ಈಗ ಮೊಬೈಲಿನ ಅಶ್ಲೀಲ ಚಿತ್ರಗಳೂ ಸೇರಿಕೊಂಡಿವೆ.

ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ಪಠ್ಯವನ್ನು ಎಂಟು ವಿಷಯಗಳಲ್ಲಿ ಹರಡುತ್ತದೆ, ಮೊದಲನೆಯದೇ ಸಂಬಂಧಗಳು. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿಯುತ್ತಾರೆಂಬುದಕ್ಕೆ ಆಧಾರ ಸಿಗಲಿಲ್ಲವೆಂದೂ ಅದು ಹೇಳಿದೆ. ತರಗತಿಯಲ್ಲಿ ಸಂಬಂಧಗಳನ್ನು ಕಲಿಸುವುದೆಂದರೆ ಉಪದೇಶವಲ್ಲ. ಬೇಡವೆಂದ ಹುಡುಗಿಯ ಹಿಂದೆ ಬೀಳುವುದು ಸಿನಿಮಾದಲ್ಲಿ ಪ್ರೇಮ, ಕಾನೂನಿನಲ್ಲಿ ಅಪರಾಧ ಎಂಬುದನ್ನು ಚರ್ಚೆಗಿಡುವುದು. ಪಾಸ್‌ವರ್ಡ್ ಕೇಳುವುದು, ಯಾರ ಜೊತೆ ಮಾತಾಡಿದೆ ಎಂದು ದಿನವೂ ವಿಚಾರಿಸುವುದು ಅಕ್ಕರೆಯೋ ಹಿಡಿತವೋ ಎಂದು ಅವರಿಂದಲೇ ತೂಗಿಸುವುದು. ನಿರಾಕರಣೆಯನ್ನು ಅವಮಾನವೆಂದುಕೊಳ್ಳದೆ ಸಹಿಸಿಕೊಳ್ಳುವುದನ್ನು ಕಲಿಸುವುದು. ಈ ಕೊನೆಯದು ಹುಡುಗರಿಗೆ ತುರ್ತಾಗಿ ಬೇಕು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಶಿಕ್ಷಕರನ್ನು ಇಕ್ಕಟ್ಟಿಗೆ ಸಿಲುಕಿಸಿದೆ. 18 ತುಂಬದವರ ಒಪ್ಪಿಗೆಗೆ ಅದರಡಿ ಬೆಲೆಯಿಲ್ಲ. ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳದ ಒಪ್ಪಿಗೆಯನ್ನು ತರಗತಿಯಲ್ಲಿ ಕಲಿಸಬೇಕು. ವಿದ್ಯಾರ್ಥಿನಿ ನಂಬಿ ಗುಟ್ಟು ಹೇಳಿದರೆ ಅದನ್ನು ಗುಟ್ಟಾಗಿಡುವಂತಿಲ್ಲ. ಪ್ರೀತಿಸಿ ಓಡಿಹೋದ 16-17ರ ಮಕ್ಕಳ ಪ್ರಕರಣಗಳು ನ್ಯಾಯಾಲಯಗಳಿಗೆ ಬರತೊಡಗಿದ ಮೇಲೆ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಒಂಬತ್ತನೆಯ ತರಗತಿಯಿಂದಲೇ ಪೋಕ್ಸೊ ಬಗ್ಗೆ ತಿಳಿಸಲು ಪಠ್ಯ ಸಿದ್ಧಪಡಿಸಬೇಕೆಂದು ರಾಜ್ಯದ ಶಿಕ್ಷಣ ಇಲಾಖೆಗೂ ಹೇಳಿತು. ಆಯೋಗವು 2023ರ ತನ್ನ 283ನೆಯ ವರದಿಯಲ್ಲಿ 18 ಅನ್ನು ಇಳಿಸುವುದು ಬೇಡವೆಂದಿತು. ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಚಿಕ್ಕದೊಂದು ಕಿಂಡಿ ತೆರೆದಿತ್ತು: ಒಪ್ಪಿತ ಸಂಬಂಧದಿಂದ ಗರ್ಭಿಣಿಯಾಗಿ ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಅವಳ ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ.

ಶಾಲೆಯ ಹೊರಗಿನ ಸೇವೆಗಳ ಪೈಕಿ 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಮುಖ್ಯ. ಅದರ ಹದಿಹರೆಯ ಸ್ನೇಹಿ ಕೇಂದ್ರಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಹೆಸರು. ರಾಜ್ಯದ ‘ಶುಚಿ’ ಯೋಜನೆ ಶಾಲಾ ಹುಡುಗಿಯರಿಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡುತ್ತದೆ. ಕೋವಿಡ್ ಕಾಲದಲ್ಲಿ ನಿಂತು 2024ರಲ್ಲಿ ಮತ್ತೆ ಆರಂಭವಾಯಿತು. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು 11 ವಿಷಯಗಳನ್ನು ಕಲಿಸಹೊರಟಿತು. ಪರಸ್ಪರ ಸಂಬಂಧ, ಲಿಂಗ ಸಮಾನತೆ, ಅಂತರ್ಜಾಲದ ಸುರಕ್ಷಿತ ಬಳಕೆ ಅವುಗಳಲ್ಲಿವೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಹಗಲಿರುಳು ಕರೆ ಮಾಡಬಹುದಾದ ಸಹಾಯವಾಣಿಯ ಸಂಖ್ಯೆ 1098.