ಮುದುಮಲೆಯ ಮರಗಳ ಲೆಕ್ಕ

ಚರಿತ್ರೆಯೆಂದೊಡನೆ ಅರಸರ ವಂಶಾವಳಿ, ಕೋಟೆಗಳ ಮುತ್ತಿಗೆ, ದಾನದತ್ತಿಗಳ ಶಾಸನ ಇವೇ ನಮ್ಮ ನೆನಪಿಗೆ ಬರುವುದು ವಾಡಿಕೆ. ಆದರೆ ನೀಲಗಿರಿಯ ತಪ್ಪಲಿನಲ್ಲಿ ತಲೆತಲಾಂತರದಿಂದ ಬಾಳಿಬಂದಿರುವ ನಮಗೆ ಮನೆಯ ಹಿತ್ತಿಲಿನಷ್ಟೇ ಸಮೀಪವಾಗಿರುವ ಕಾಡಿಗೂ ಒಂದು ಚರಿತ್ರೆಯುಂಟು. ಅದನ್ನು ವರ್ಷವರ್ಷವೂ ತಪ್ಪದೆ ಬರೆದಿಡುತ್ತ ಬಂದವರ ವೃತ್ತಾಂತವನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂಬುದು ನಮ್ಮ ಆಶಯ.

ಗೂಡಲೂರಿನಿಂದ ಗುಂಡ್ಲುಪೇಟೆಯ ಕಡೆಗೆ ಹೊರಟವರೆಲ್ಲರೂ ತೆಪ್ಪಕಾಡಿನಲ್ಲಿ ಮೊಯಾರ್ ಹೊಳೆಯನ್ನು ದಾಟಿಯೇ ಮುಂದೆ ಸಾಗಬೇಕು. ಆ ದಾರಿಯ ಎರಡು ಕಡೆಗೂ ಹಬ್ಬಿರುವುದೇ ಮುದುಮಲೆ. ಹಳೆಯ ಬೆಟ್ಟವೆಂದು ಈ ಹೆಸರಿಗೆ ಅರ್ಥ ಹೇಳುವುದುಂಟು. ಉತ್ತರಕ್ಕೆ ಬಂಡೀಪುರ, ಪಶ್ಚಿಮಕ್ಕೆ ವಯನಾಡು. ಕಾಡು ಒಂದೇ, ಆಡಳಿತ ಮಾತ್ರ ಮೂರು. ಹತ್ತೊಂಬತ್ತನೆಯ ಶತಮಾನದಲ್ಲಿ ನಿಲಂಬೂರಿನ ಅರಸುಮನೆತನದಿಂದ ಈ ಕಾಡನ್ನು ಗೇಣಿಗೆ ಪಡೆದ ಬ್ರಿಟಿಷ್ ಸರ್ಕಾರ ದಿಮ್ಮಿಗಾಗಿ ಮರ ಕಡಿಸಿತು. ೧೯೪೦ರಲ್ಲಿ ಇದು ವನ್ಯಜೀವಿ ಧಾಮವಾಯಿತು. ೧೯೯೦ರಲ್ಲಿ ಇದರ ಒಂದು ಭಾಗ ರಾಷ್ಟ್ರೀಯ ಉದ್ಯಾನವೆನಿಸಿತು. ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ಬಸ್ಸಿನ ಕಿಟಕಿಯಿಂದ ಈ ಕಾಡನ್ನು ನೋಡುವ ನಾವು ಮಾರ್ಚ್ ತಿಂಗಳಿನಲ್ಲಿ ಬೋಳುಕೊಂಬೆಗಳನ್ನು ಕಂಡು ಕಾಡು ಸತ್ತಿತೆಂದು ಮರುಗುತ್ತೇವೆ. ಆಷಾಢದ ಮಳೆಯಲ್ಲಿ ಹಸುರನ್ನು ಕಂಡು ಕಾಡು ಬದುಕಿತೆಂದು ಹಿಗ್ಗುತ್ತೇವೆ. ಎರಡು ತೀರ್ಮಾನಗಳೂ ಅವಸರದವು. ಎಲೆಯುದುರುವ ಕಾಡಿಗೆ ಬೋಳಾಗುವುದು ಸಹಜ ಧರ್ಮ. ಅದರ ಆರೋಗ್ಯವನ್ನು ಅರಿಯಬೇಕಾದರೆ ಅದೇ ಮರದ ಬಳಿಗೆ ಮತ್ತೆ ಮತ್ತೆ ಹೋಗಬೇಕು.

ಈ ಮಾತನ್ನು ಕಾರ್ಯರೂಪಕ್ಕೆ ತಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು. ಆನೆಗಳ ಅಧ್ಯಯನದಿಂದ ಪ್ರಸಿದ್ಧರಾದ ಆರ್. ಸುಕುಮಾರ್ ಅವರ ನೇತೃತ್ವದಲ್ಲಿ ೧೯೮೮-೮೯ರಲ್ಲಿ ಮುದುಮಲೆಯೊಳಗೆ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ, ಅಂದರೆ ೫೦ ಹೆಕ್ಟೇರ್ ವಿಸ್ತಾರದ ಒಂದು ತಾಕನ್ನು ಗುರುತಿಸಲಾಯಿತು. ಪನಾಮಾ ದೇಶದ ಬಾರೋ ಕೊಲರಾಡೊ ದ್ವೀಪದಲ್ಲಿ ಕೆಲವು ವರ್ಷಗಳ ಹಿಂದೆ ಇಂಥದೇ ಕಾರ್ಯ ಆರಂಭವಾಗಿತ್ತು. ನೆಲದಿಂದ ೧.೩ ಮೀಟರ್ ಎತ್ತರದಲ್ಲಿ ಕನಿಷ್ಠ ೧ ಸೆಂಟಿಮೀಟರ್ ವ್ಯಾಸವಿದ್ದ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆ ಕೊಟ್ಟು, ಜಾತಿಯನ್ನು ಗುರುತಿಸಿ, ನಿಂತ ಸ್ಥಳವನ್ನು ನಕ್ಷೆಯಲ್ಲಿ ನಮೂದಿಸಿದರು. ಹೀಗೆ ಲೆಕ್ಕಕ್ಕೆ ಸಿಕ್ಕಿದವು ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ್ದವು.

ಅಂದಿನಿಂದ ವರ್ಷಕ್ಕೊಮ್ಮೆ ಈ ಗಿಡಮರಗಳ ಜನನ ಮರಣಗಳ ಎಣಿಕೆ, ನಾಲ್ಕು ವರ್ಷಕ್ಕೊಮ್ಮೆ ದಪ್ಪದ ಅಳತೆ ಎಂಬ ಕ್ರಮ ನೆಲೆಗೊಂಡಿತು. ಬೇಸಿಗೆಯಲ್ಲಿ ಕಾಳ್ಗಿಚ್ಚು ಹಾದುಹೋದರೆ ಅದು ಎಲ್ಲಿಂದೆಲ್ಲಿಯವರೆಗೆ ಸುಟ್ಟಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಆನೆ, ಕಾಟಿಗಳು ಸುಳಿಯುವ ಪೊದೆಗಳ ನಡುವೆ ಸಂಖ್ಯೆ ಹುಡುಕುತ್ತ ನಡೆಯುವ ಈ ದುಡಿಮೆ ಸುಲಭದ್ದಲ್ಲ. ವಿಜ್ಞಾನಿಗಳ ಜೊತೆಗೆ ಆಸುಪಾಸಿನ ಹಳ್ಳಿಹಾಡಿಗಳ ಸಹಾಯಕರೂ ಇದರಲ್ಲಿ ಬೆವರು ಸುರಿಸಿದ್ದಾರೆ. ಮರವನ್ನು ತೊಗಟೆಯಿಂದಲೇ ಗುರುತಿಸಬಲ್ಲ ಕಣ್ಣು ಪುಸ್ತಕದಿಂದ ಬರತಕ್ಕದ್ದಲ್ಲ.

ಈ ಲೆಕ್ಕದಿಂದ ತಿಳಿದುಬಂದ ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯ ಎಣಿಕೆಯಲ್ಲಿ ಬೆಂಡೆ ಮರ, ಶಾಸ್ತ್ರಜ್ಞರು ಕೈಡಿಯಾ ಎಂದು ಕರೆಯುವುದು, ಹೇರಳವಾಗಿತ್ತು. ಆನೆಗಳು ಅದನ್ನು ಮುರಿದು ಮೇದದ್ದರಿಂದ ಮುಂದಿನ ವರ್ಷಗಳಲ್ಲಿ ಅದರ ಸಂಖ್ಯೆ ಬಹಳವಾಗಿ ಕುಗ್ಗಿತು. ಕಿಚ್ಚಿಗೆ ಎಳೆಯ ಗಿಡಗಳು ಹೆಚ್ಚಾಗಿ ಬಲಿಯಾಗುತ್ತವೆ. ಆದರೂ ಹಲವು ಜಾತಿಗಳು ಬುಡದಿಂದ ಮತ್ತೆ ಚಿಗುರುತ್ತವೆ. ೧೯ ವರ್ಷಗಳ ಲೆಕ್ಕವನ್ನು ಎಚ್. ಎಸ್. ಸುರೇಶ್, ಎಚ್. ಎಸ್. ದತ್ತರಾಜ ಮತ್ತು ಸುಕುಮಾರ್ ಅವರು ೨೦೧೦ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಸರಾಸರಿ ನೂರಕ್ಕೆ ಸುಮಾರು ೭ ಗಿಡಮರಗಳು ಅಳಿದಿದ್ದವು. ಅವುಗಳಲ್ಲಿ ಬಹುಪಾಲು ಸಣ್ಣವು. ಎಲ್ಲಕ್ಕಿಂತ ಗಮನಾರ್ಹವಾದುದು ದೊಡ್ಡ ಮರಗಳ ವಿಷಯ. ಮಳೆ ಕೈಕೊಟ್ಟ ವರ್ಷದಲ್ಲಿಯೇ ಅವು ಬೀಳುವುದಿಲ್ಲ. ಆ ಬರದ ಪೆಟ್ಟು ಎರಡು ಮೂರು ವರ್ಷಗಳ ತರುವಾಯ ಸಾವಾಗಿ ಕಾಣಿಸಿಕೊಳ್ಳುತ್ತದೆ. ಒಳ್ಳೆಯ ಮಳೆಯಾದ ವರ್ಷದಲ್ಲಿ ಒಣಗಿ ನಿಂತ ಮರವನ್ನು ಕಂಡು ನಾವು ಯಾವುದೋ ರೋಗವನ್ನು ದೂರಿದರೆ ಆಶ್ಚರ್ಯವೇನು? ಅದು ಸತ್ತದ್ದು ನಾವು ಮರೆತುಬಿಟ್ಟ ಬರದಿಂದ. ಹಿಂದಿನ ವರ್ಷಗಳ ಕಡತವಿಲ್ಲದೆ ಈ ಸತ್ಯ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದರಲ್ಲಿ ಗಡಿನಾಡ ಕನ್ನಡಿಗರಾದ ನಮಗೂ ಒಂದು ಪಾಠವುಂಟು. ಮರವನ್ನು ಎಣಿಸುವ ಮೊದಲು ಅದನ್ನು ಹೆಸರು ಹಿಡಿದು ಕರೆಯಬೇಕು. ಮುದುಮಲೆಯಲ್ಲಿ ತೇಗದೊಡನೆ ಬೆಳೆದು ನಿಂತಿರುವ ನಂದಿ, ಮತ್ತಿ, ದಿಂಡಿಗಗಳು ನಮ್ಮ ಹಿರಿಯರ ನಾಲಗೆಯ ಮೇಲಿದ್ದ ಹೆಸರುಗಳು. ನೇಗಿಲು, ತೊಲೆ, ಸೌದೆ ಎಲ್ಲಕ್ಕೂ ಯಾವುದು ತಕ್ಕ ಮರವೆಂದು ಅವರು ಬಲ್ಲವರಾಗಿದ್ದರು. ನಮ್ಮ ಮಕ್ಕಳಿಗೆ ಇಂದು ಅವೆಲ್ಲವೂ ಬರಿಯ ಮರಗಳು. ಹೆಸರು ಅಳಿದರೆ ಮರ ಅಳಿದದ್ದೂ ನಮಗೆ ತಿಳಿಯುವುದಿಲ್ಲ. ಬೆಂಡೆಯೆಂಬುದನ್ನೇ ಅರಿಯದವನಿಗೆ ಬೆಂಡೆ ಕಾಣೆಯಾದ ಸುದ್ದಿ ಸುದ್ದಿಯೇ ಅಲ್ಲ.

ಆದಕಾರಣ ನಮ್ಮ ಕನ್ನಡ ಶಾಲೆಗಳಿಗೆ ಒಂದು ಸಣ್ಣ ಸೂಚನೆಯನ್ನು ಮಾಡಬಯಸುತ್ತೇವೆ. ಶಾಲೆಯ ಅಂಗಳದ, ಹಾದಿಬದಿಯ ಹತ್ತೇ ಮರಗಳನ್ನು ಆರಿಸಿಕೊಳ್ಳಲಿ. ಹಿರಿಯರನ್ನು ಕೇಳಿ ಅವುಗಳ ಕನ್ನಡ ಹೆಸರನ್ನು ಬರೆದುಕೊಳ್ಳಲಿ. ಚಿಗುರು, ಹೂ, ಕಾಯಿ, ಎಲೆಯುದುರಿದ ದಿನಗಳನ್ನು ಪ್ರತಿವರ್ಷ ಒಂದೇ ಪುಸ್ತಕದಲ್ಲಿ ದಾಖಲಿಸಲಿ. ಒಂದು ತರಗತಿ ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಮುಂದಿನ ತರಗತಿಯ ಕೈಗೊಪ್ಪಿಸಲಿ. ಇದಕ್ಕೆ ಹಣ ಬೇಡ, ಅಪ್ಪಣೆ ಬೇಡ. ಬಿಡದೆ ನಡೆಸುವ ಛಲವೊಂದು ಬೇಕು. ನಮ್ಮ ಸಂಘದ ಮುಂದಿನ ವಾರ್ಷಿಕೋತ್ಸವಗಳಲ್ಲಿ ಅಂಥ ಪುಸ್ತಕಗಳನ್ನು ತೆರೆದು ಓದುವ ಭಾಗ್ಯ ನಮ್ಮದಾಗಲಿ.