ಚಹಾದ ಬಟ್ಟಲಲ್ಲಿ ಮಲ್ಲಿಗೆ

ಹೋದ ಬೇಸಗೆಯಲ್ಲಿ ನನ್ನ ಸೋದರಳಿಯ ಪರದೇಶದಿಂದ ಬಂದವನು ಅಂಗೈ ಅಗಲದ ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, “ಮಾವ, ಇದಕ್ಕೆ ಹಾಲು ಸಕ್ಕರೆ ಹಾಕಬಾರದು” ಎಂದು ಎಚ್ಚರಿಸಿ ಹೋದ. ಡಬ್ಬಿಯ ಮೇಲೆ ಚೀನೀ ಅಕ್ಷರಗಳಿದ್ದವು. ಮುಚ್ಚಳ ತೆಗೆದು ನೋಡಿದರೆ ಒಳಗೆ ಸುರುಳಿಗೊಂಡ ಒಣ ಎಲೆ. ಹೂವಿನ ಒಂದು ಎಸಳೂ ಇಲ್ಲ. ಆದರೆ ಕೋಣೆಯ ತುಂಬ ಮಲ್ಲಿಗೆ. ಪೇಟೆಯ ಸುಗಂಧದ್ರವ್ಯದ ಮಲ್ಲಿಗೆಯಲ್ಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದ ಗಿಡದ ಮೇಲೆ ಬಿರಿಯುವ ಮಲ್ಲಿಗೆ. ನಾನು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಚಹಾಕ್ಕೆ ಬೇರೊಂದು ವಸ್ತುವನ್ನು ಬೆರೆಸಬಹುದೆ ಎಂಬ ಜಗಳ ಚಹಾದಷ್ಟೇ ಹಳೆಯದು. ಎಂಟನೆಯ ಶತಮಾನದ ಚೀನಾದಲ್ಲಿ ಲೂ ಯೂ ಎಂಬ ಪಂಡಿತ ಚಹಾವನ್ನೇ ವಸ್ತುವಾಗಿ ಇಟ್ಟುಕೊಂಡು ‘ಛಾ ಜಿಂಗ್’ ಎಂಬ ಶಾಸ್ತ್ರಗ್ರಂಥವನ್ನು ಬರೆದನು. ಆ ಕಾಲದ ಜನ ಎಲೆಯ ಜೊತೆಗೆ ಈರುಳ್ಳಿ, ಶುಂಠಿ, ಬೋರೆಹಣ್ಣು, ಕಿತ್ತಳೆಯ ಸಿಪ್ಪೆ, ಪುದೀನ ಇವನ್ನೆಲ್ಲ ಹಾಕಿ ಕುದಿಸುತ್ತಿದ್ದರು. ಲೂ ಯೂ ಅದನ್ನು ಚರಂಡಿಯ ನೀರಿಗೆ ಹೋಲಿಸಿ ಜರೆದಿದ್ದಾನೆ. ಹಾಗೆ ಜರೆದವನು ತನ್ನ ಚಹಾಕ್ಕೆ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದನೆಂಬುದು ಬೇರೆ ಮಾತು. ಶುದ್ಧಿಯನ್ನು ಬೋಧಿಸುವವರೆಲ್ಲ ತಮಗಾಗಿ ಒಂದು ಚಿಟಿಕೆಯಷ್ಟು ವಿನಾಯಿತಿಯನ್ನು ಇಟ್ಟುಕೊಂಡಿರುತ್ತಾರೆ.

ಅವನ ನಂತರ ಸುಮಾರು ಮುನ್ನೂರು ವರ್ಷಕ್ಕೆ, ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ, ತ್ಸಾಯ್ ಷಿಯಾಂಗ್ ಎಂಬ ಅಧಿಕಾರಿ ತನ್ನ ಚಕ್ರವರ್ತಿಗಾಗಿ ಚಹಾದ ಮೇಲೆ ಒಂದು ಸಣ್ಣ ಪುಸ್ತಕವನ್ನು ರಚಿಸಿದ. ಅರಮನೆಗೆ ಕಾಣಿಕೆಯಾಗಿ ಹೋಗುವ ಚಹಾಕ್ಕೆ ಪರಿಮಳಕ್ಕೆಂದು ತುಸು ಕರ್ಪೂರವನ್ನು ಬೆರೆಸುವ ಪದ್ಧತಿ ಇದೆ, ಆದರೆ ಚಹಾ ಬೆಳೆಯುವ ಊರಿನವರು ತಮ್ಮ ತಮ್ಮಲ್ಲಿ ರುಚಿ ನೋಡುವಾಗ ಹಾಗೆ ಮಾಡುವುದಿಲ್ಲ, ಎಲೆಯ ನಿಜವಾದ ಪರಿಮಳ ಎಲ್ಲಿ ಕಳೆದುಹೋದೀತೋ ಎಂಬ ಭಯ ಅವರಿಗೆ ಎಂದು ಅವನು ತಿಳಿಸುತ್ತಾನೆ. ಬೆಳೆದವನ ನಾಲಗೆಗೂ ಕೊಂಡವನ ನಾಲಗೆಗೂ ಇರುವ ಅಂತರ ಆಗಲೇ ಕಾಣಿಸಿಕೊಂಡಿತ್ತು.

ಆದರೆ ಮಲ್ಲಿಗೆಯನ್ನು ಈ ಜಗಳದ ಯಾವ ಪಕ್ಷಕ್ಕೂ ಸೇರಿಸಲಾಗದು. ಈ ಹೂವು ಚೀನಾದ್ದಲ್ಲ, ನಮ್ಮ ಕಡೆಯಿಂದ ಹೋದದ್ದು. ಚೀನೀ ಭಾಷೆಯಲ್ಲಿ ಅದಕ್ಕೆ ‘ಮೋಲಿ’ ಎಂದು ಹೆಸರು. ಸಂಸ್ಕೃತದ ‘ಮಲ್ಲಿಕಾ’ ಎಂಬುದೇ ಹಾಗೆ ಸವೆದಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ದಕ್ಷಿಣದ ಸಸ್ಯಗಳನ್ನು ಕುರಿತ ಪ್ರಾಚೀನ ಚೀನೀ ಗ್ರಂಥವೊಂದಿದೆ. ಕ್ರಿ.ಶ. 304ರದೆಂದು ಅದರಲ್ಲೇ ನಮೂದಾಗಿದ್ದರೂ ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ತಕರಾರುಂಟು. ಮಲ್ಲಿಗೆಯನ್ನು ಪಶ್ಚಿಮದ ದೇಶಗಳಿಂದ ಹೊರನಾಡಿಗರು ತಂದು ದಕ್ಷಿಣದ ಕಡಲತೀರದಲ್ಲಿ ನೆಟ್ಟರೆಂದು ಅದರಲ್ಲಿದೆ. ಹಡಗಿನವರೋ ಭಿಕ್ಷುಗಳೋ, ಯಾರೋ ಒಬ್ಬರು ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳನ್ನು ಜೋಪಾನವಾಗಿ ಸಮುದ್ರ ದಾಟಿಸಿರಬೇಕು ಎಂಬುದು ನನ್ನ ಕಲ್ಪನೆ. ಸಸ್ಯಶಾಸ್ತ್ರಜ್ಞರು ‘ಜಾಸ್ಮಿನಮ್ ಸಂಬಾಕ್’ ಎಂದು ಕರೆಯುವ ಆ ಮಲ್ಲಿಗೆಯ ಜಾತಿಗೇ ಸೇರಿದ್ದು ಉಡುಪಿಯ ಶಂಕರಪುರದ ಮಲ್ಲಿಗೆ.

ಹೂವು ಎಲೆಯನ್ನು ಸೇರಿದ್ದು ನಿಧಾನವಾಗಿ. ಮೊದಲು ಚಹಾವನ್ನು ಬಿಲ್ಲೆಯಾಗಿ ಒತ್ತಿ, ಪುಡಿ ಮಾಡಿ ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಬಿಲ್ಲೆಚಹಾದ ಕಾಣಿಕೆಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞೆ ಮಾಡಿದ. ಬಿಲ್ಲೆ ಮಾಡುವುದರಲ್ಲಿ ಜನರ ಶ್ರಮ ವ್ಯರ್ಥವಾಗುತ್ತದೆಂಬುದು ಅವನು ಕೊಟ್ಟ ಕಾರಣ. ರೈತನ ಮಗನಾಗಿ ಹುಟ್ಟಿದ ದೊರೆ ಅವನು. ಬಿಡಿ ಎಲೆ ಎಲ್ಲೆಡೆ ರೂಢಿಗೆ ಬಂದ ಮೇಲೆ ಹೂವಿನ ಕೆಲಸ ಸುಲಭವಾಯಿತು. ಹದಿನಾರನೆಯ ಶತಮಾನದ ಚೀನೀ ಪುಸ್ತಕಗಳಲ್ಲಿ ವಿಧಾನವೂ ಸಿಗುತ್ತದೆ: ಮೂರು ಪಾಲು ಎಲೆಗೆ ಒಂದು ಪಾಲು ಹೂವು, ಒಂದು ಪದರ ಎಲೆ, ಒಂದು ಪದರ ಹೂವು, ಮೇಲೆ ಬಾಯಿ ಕಟ್ಟುವುದು.

ಇಂದಿಗೂ ಫೂಜೌ ನಗರದ ಸುತ್ತ ನಡೆಯುವುದು ಇದೇ ಕ್ರಮದ ವಿಸ್ತಾರ. ಬಿಸಿಲಿನ ಹೊತ್ತಿನಲ್ಲಿ ಮೊಗ್ಗನ್ನು ಬಿಡಿಸುತ್ತಾರೆ. ಸಂಜೆ ಕಳೆದು ಕತ್ತಲಾಗುತ್ತಿದ್ದಂತೆ ಮೊಗ್ಗು ಬಾಯಿ ತೆರೆಯುತ್ತದೆ. ಆ ಗಳಿಗೆಯನ್ನು ಕಾದು ಚೆನ್ನಾಗಿ ಒಣಗಿದ ಎಲೆಯೊಂದಿಗೆ ರಾಶಿ ಹಾಕುತ್ತಾರೆ. ರಾಶಿ ತಾನಾಗಿಯೇ ಬೆಚ್ಚಗಾಗುತ್ತದೆ. ಹೆಚ್ಚು ಬಿಸಿಯಾದರೆ ಹೂವು ಬೆಂದು ವಾಸನೆ ಕೆಡುವುದರಿಂದ ನಡುರಾತ್ರಿಯಲ್ಲಿ ಎದ್ದು ರಾಶಿಯನ್ನು ಹರವಿ ಆರಿಸಬೇಕು. ಬೆಳಗ್ಗೆ ಜರಡಿ ಹಿಡಿದು, ಸತ್ತ್ವವೆಲ್ಲ ಹೋಗಿ ಬಾಡಿದ ಹೂವನ್ನು ಬೇರ್ಪಡಿಸಿ, ತೇವ ಹೀರಿದ ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಮರುದಿನ ಹೊಸ ಹೂವು. ಉತ್ತಮ ದರ್ಜೆಯ ಚಹಾಕ್ಕೆ ಇದು ಆರೇಳು ಸಲ ಆವರ್ತಿಸುತ್ತದೆ. ಡಬ್ಬಿಯಲ್ಲಿ ಎಸಳು ಕಾಣದಿದ್ದುದಕ್ಕೆ ಕಾರಣ ಇದೇ. ಎಸಳು ಕಂಡರೆ ಅದು ಹೆಚ್ಚಾಗಿ ಕಣ್ಣಿಗೆಂದು ಹಾಕಿದ್ದು, ಮೂಗಿಗೆಂದಲ್ಲ.

ಇದು ವ್ಯಾಪಾರದ ಮಾತಾಯಿತು. ಮನೆಯ ಮಾತು ಬೇಕೆಂದರೆ ಷೆನ್ ಫೂ ಎಂಬ ಬಡ ಗುಮಾಸ್ತನ ಆತ್ಮಕಥೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಆ ಪುಸ್ತಕದಲ್ಲಿ ಅವನ ಹೆಂಡತಿ ಯುನ್ ಬರುತ್ತಾಳೆ. ಬೇಸಗೆಯ ಸಂಜೆ ಅವಳು ಚಿಟಿಕೆ ಚಹಾವನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ತಾವರೆಯ ಹೂವಿನೊಳಗೆ ಇಡುತ್ತಾಳೆ. ರಾತ್ರಿ ತಾವರೆ ಮುಚ್ಚುತ್ತದೆ. ಬೆಳಗ್ಗೆ ಅದು ಅರಳಿದಾಗ ಚೀಲವನ್ನು ತೆಗೆದು ಚಹಾ ಮಾಡುತ್ತಾಳೆ. ಆ ದಂಪತಿಗಳಿಗೆ ಸಾಲ ಬಹಳವಿತ್ತು. ಯುನ್ 1803ರಲ್ಲಿ ತೀರಿಕೊಂಡಳು. ಗಂಡ ನೆನಪಿಟ್ಟು ಬರೆದದ್ದರಲ್ಲಿ ಈ ತಾವರೆಯ ಚಹಾವೂ ಒಂದು.

ಯೂರೋಪಿಗೆ ಬಂದರೆ ಪರಿಮಳ ಅಪರಾಧದ ಬಣ್ಣ ತಾಳುತ್ತದೆ. ಇಂದು ‘ಅರ್ಲ್ ಗ್ರೇ’ ಎಂದು ಪ್ರಸಿದ್ಧವಾಗಿರುವ ಚಹಾಕ್ಕೆ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯನ್ನು ಹಾಕುತ್ತಾರೆ. 1837ರಲ್ಲಿ ಅದೇ ಎಣ್ಣೆಯಿಂದ ಕೃತಕವಾಗಿ ವಾಸನೆ ಕಟ್ಟಿದ ಚಹಾವನ್ನು ಒದಗಿಸಿತೆಂದು ಇಂಗ್ಲೆಂಡಿನಲ್ಲಿ ಒಂದು ವ್ಯಾಪಾರ ಸಂಸ್ಥೆಯ ಮೇಲೆ ದೂರು ಬಂದಿತ್ತು. ಕೀಳು ಎಲೆಯ ದೋಷವನ್ನು ಸುವಾಸನೆಯಿಂದ ಮುಚ್ಚುತ್ತಾರೆಂಬ ಸಂಶಯ ಅದಕ್ಕೆ ಹಿನ್ನೆಲೆ. ಸಂಶಯ ಸುಳ್ಳೂ ಅಲ್ಲ. ಮುಂದೆ ಅದೇ ಎಣ್ಣೆ ಒಬ್ಬ ಪ್ರಧಾನಮಂತ್ರಿಯ ಹೆಸರನ್ನು ಹೊತ್ತು ಮರ್ಯಾದೆ ಪಡೆಯಿತು.

ನಮ್ಮಲ್ಲಿ ಏನಿತ್ತು? ಚಹಾ ಇರಲಿಲ್ಲ, ಮಿಕ್ಕದ್ದೆಲ್ಲ ಇತ್ತು. ವಸ್ತುವಿನ ಸಾರವನ್ನು ನೀರಿಗೆ ಇಳಿಸುವ ಬಗೆಗಳನ್ನು ಆಯುರ್ವೇದ ಬೇರೆ ಬೇರೆಯಾಗಿ ಹೆಸರಿಸಿದೆ. ಕುದಿಸಿ ಬತ್ತಿಸಿದ್ದು ಕ್ವಾಥ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟದ್ದು ಹಿಮ. ಈ ಲೆಕ್ಕದಲ್ಲಿ ನನ್ನ ಸೋದರಳಿಯನ ಚಹಾ ಒಂದು ಫಾಂಟ. ನಮ್ಮ ಮನೆಗಳ ಜೀರಿಗೆ–ಕೊತ್ತಂಬರಿಯ ಕಷಾಯ ಕ್ವಾಥ. ಪೇಟೆಯಲ್ಲಿ ‘ಹರ್ಬಲ್ ಟೀ’ ಎಂದು ಮಾರುವ ತುಳಸಿ, ಶುಂಠಿ, ಮಜ್ಜಿಗೆಹುಲ್ಲುಗಳ ಪೊಟ್ಟಣದಲ್ಲಿ ಎಷ್ಟೋ ಸಲ ಚಹಾದ ಒಂದು ಎಲೆಯೂ ಇರುವುದಿಲ್ಲ. ಅದನ್ನು ಕಷಾಯ ಎಂದು ಕರೆದಿದ್ದರೆ ಆ ಬೆಲೆಗೆ ಯಾರೂ ಕೊಳ್ಳುತ್ತಿರಲಿಲ್ಲವೇನೋ.

ಕನ್ನಡ ನಾಡಿನಲ್ಲಿ ಸುವಾಸನೆಯೂ ಒಂದು ವಿದ್ಯೆಯಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೂ ಗಂಧದ್ರವ್ಯಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ಸಾಲಿನಲ್ಲಿ ನೀರು ಕುಡಿಯುವುದೂ ಒಂದು. ಆ ಪ್ರಕರಣದಲ್ಲಿ ಹೂವುಗಳಿಂದಲೂ ಕರ್ಪೂರಾದಿಗಳಿಂದಲೂ ಕುಡಿಯುವ ನೀರಿಗೆ ವಾಸನೆ ಕಟ್ಟುವ ಮಾತು ಬರುತ್ತದೆ. ನೀರನ್ನು ಒಂದು ಭೋಗವೆಂದು ಎಣಿಸಿದ ಆ ದೊರೆಯ ರಸಿಕತೆಗೆ ನಾನು ತಲೆದೂಗುತ್ತೇನೆ. ಆದರೆ ಅದು ದೊರೆಯ ಭೋಗ. ನನಗೆ ತಿಳಿದದ್ದು ಇನ್ನೊಬ್ಬರ ನೀರು.

ನನ್ನ ತಾಯಿಯ ತವರು ಶಂಕರಪುರಕ್ಕೆ ಹತ್ತಿರದ ಒಂದು ಹಳ್ಳಿ. ಅಂಗಳದಲ್ಲಿ ಹತ್ತು ಹನ್ನೆರಡು ಮಲ್ಲಿಗೆಯ ಗಿಡಗಳಿದ್ದವು. ಅಜ್ಜಿ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಚೆಂಡಾಗಿ, ಅಟ್ಟೆಯಾಗಿ ಆ ಹೂವು ಪೇಟೆಗೆ ಹೋಗುತ್ತಿತ್ತು. ಉಳಿದದ್ದು ದೇವರಿಗೆ, ಸೊಸೆಯಂದಿರ ಮುಡಿಗೆ. ಅಜ್ಜಿಗೆ ಮಾತ್ರ ಇಲ್ಲ. ಅವರು ಇಪ್ಪತ್ತಾರನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ಹೂವು ಮುಡಿಯುವ ಮಾತು ಹಾಗಿರಲಿ, ಕಟ್ಟುವಾಗ ಮೊಗ್ಗನ್ನು ಮೂಗಿನ ಬಳಿ ತಂದರೂ ನೋಡಿದವರು ಏನಾದರೂ ಅನ್ನುವ ಕಾಲ ಅದು. ನಲವತ್ತು ವರ್ಷ ಅವರ ಬೆರಳುಗಳು ಮಲ್ಲಿಗೆಯಲ್ಲೇ ಇದ್ದವು.

ತೊಟ್ಟು ಮುರಿದ, ಕಟ್ಟಲು ಬಾರದ ಮೊಗ್ಗುಗಳನ್ನು ಅವರು ಎಸೆಯುತ್ತಿರಲಿಲ್ಲ. ರಾತ್ರಿ ಒಂದು ಸಣ್ಣ ಮಣ್ಣಿನ ಹೂಜಿಯ ನೀರಿಗೆ ಅವನ್ನು ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ತಾವು ಮಲಗುವ ಕೋಣೆಯ ಕಿಟಕಿಯಲ್ಲಿ ಇಡುತ್ತಿದ್ದರು. ಬೆಳಗಿನ ಜಾವ ಅದನ್ನು ಕುಡಿಯುತ್ತಿದ್ದರು. ಇದೇನೆಂದು ನಾನು ಕೇಳಿದಾಗ “ಉಷ್ಣಕ್ಕೆ ಮದ್ದು ಮಗ” ಎಂದಿದ್ದರು. ನನಗೂ ಒಂದು ಗುಟುಕು ಕೊಟ್ಟಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಮದ್ದೆಂದೇ ಕರೆಯುತ್ತಿದ್ದರು. ಮದ್ದನ್ನು ಯಾರೂ ಬೇಡವೆನ್ನಲಾರರು.

ಈ ನೆನಪಿನಿಂದಾಗಿ ನಾನು ಚಹಾದ ಚರಿತ್ರೆಯನ್ನು ಓದುವ ರೀತಿಯೇ ಬದಲಾಯಿತು. ಲೋಕದಲ್ಲಿ ಹೊಸ ರುಚಿಗಳು ಹೆಚ್ಚಾಗಿ ಮದ್ದಿನ ವೇಷದಲ್ಲೇ ಹೊಸಿಲು ದಾಟಿವೆ. ಚೀನಾದಲ್ಲಿ ಚಹಾ ಮೊದಲು ಔಷಧವಾಗಿತ್ತು. 1660ರ ಸುಮಾರಿಗೆ ಲಂಡನ್ನಿನಲ್ಲಿ ಚಹಾ ಮಾರಿದ ಥಾಮಸ್ ಗಾರ್ವೆ ಹಂಚಿದ ಕರಪತ್ರ ಒಂದು ರೋಗಗಳ ಪಟ್ಟಿ: ತಲೆನೋವು, ಕಲ್ಲುರೋಗ, ಮಂಪರು, ಮರೆವು. ನಮ್ಮಲ್ಲಿ 1903ರ ಚಹಾ ಸೆಸ್ ಕಾಯಿದೆಯ ಹಣದಿಂದ ನಡೆದ ಪ್ರಚಾರದಲ್ಲಿಯೂ ಚಹಾ ಉತ್ಸಾಹದ ಪಾನೀಯವಾಗಿತ್ತು. ಅದನ್ನು ವಿರೋಧಿಸಿದ ಗಾಂಧೀಜಿ ಕೂಡ ಆರೋಗ್ಯದ ಕಾರಣದಿಂದಲೇ ವಿರೋಧಿಸಿದರು. ಪ್ರಚಾರಕರಿಗೆ ಇನ್ನೊಂದು ಕಿರಿಕಿರಿಯೂ ಇತ್ತು: ಬೀದಿಯ ಅಂಗಡಿಯವರು ಶುಂಠಿ, ಏಲಕ್ಕಿ, ಹಾಲು, ಸಕ್ಕರೆ ಸುರಿದು ಎಲೆಯನ್ನು ಉಳಿಸುತ್ತಿದ್ದರು. ಲೂ ಯೂ ರುಚಿಗಾಗಿ ಆಡಿದ ಜಗಳವನ್ನು ಇವರು ಮಾರಾಟಕ್ಕಾಗಿ ಆಡಿದರು. ಗೆದ್ದದ್ದು ಬೀದಿಯ ಅಂಗಡಿ.

ಆ ಡಬ್ಬಿ ಮುಗಿಯುವ ಮೊದಲು ನಾನೇ ಮಲ್ಲಿಗೆಯ ಚಹಾ ಮಾಡಲು ಹೊರಟೆ. ಮೊದಲನೆಯ ಸಲ ಮಾಲೆಯ ಮೇಲೆ ಹೂವಾಡಗಿತ್ತಿ ಚಿಮುಕಿಸಿದ್ದ ನೀರಿನ ಸಹಿತ ಹೂವನ್ನು ಹಸಿರು ಚಹಾದ ಡಬ್ಬಿಗೆ ತುಂಬಿದೆ. ಮೂರನೆಯ ದಿನಕ್ಕೆ ಬೂಷ್ಟು. ಎರಡನೆಯ ಸಲ ನೀರು ಸೋಕದ ಮೊಗ್ಗನ್ನು ತರಿಸಿ, ಬಟ್ಟೆಯ ಮೇಲೆ ಹರವಿ, ರಾತ್ರಿ ಅದು ಬಿರಿದ ಮೇಲೆ ಪದರಪದರವಾಗಿ ಹಾಕಿ, ಬೆಳಗ್ಗೆ ಆರಿಸಿ ತೆಗೆದು, ಕಾವಲಿಯ ಹಬೆಯಾರಿದ ಬಿಸಿಯಲ್ಲಿ ಎಲೆಯನ್ನು ಒಣಗಿಸಿದೆ. ಹೀಗೆ ಮೂರು ರಾತ್ರಿ. ಫೂಜೌದವರು ನಕ್ಕಾರು, ಆದರೆ ಪರಿಮಳ ನಿಂತಿತು. ಕುದಿಯುವ ನೀರನ್ನು ಇಳಿಸಿ ನಾಲ್ಕೈದು ನಿಮಿಷ ಬಿಟ್ಟು ಹೊಯ್ಯಬೇಕು, ಇಲ್ಲದಿದ್ದರೆ ಎಲೆ ಕಹಿಯಾಗಿ ಹೂವನ್ನು ನುಂಗಿಬಿಡುತ್ತದೆ. ಎರಡು ನಿಮಿಷ ಮುಚ್ಚಿಟ್ಟು, ಕುಡಿಯುವ ಮೊದಲು ಮುಚ್ಚಳದ ಒಳಮೈಯನ್ನು ಮೂಸಿ ನೋಡಬೇಕು. ಚೀನೀಯರ ಈ ಪದ್ಧತಿಯಲ್ಲಿ ಅರ್ಥವಿದೆ, ಅರ್ಧ ಚಹಾ ಅಲ್ಲಿಯೇ ಇರುತ್ತದೆ.

ಆ ಸಂಜೆ ಅಕ್ಕ ಬಂದಿದ್ದಳು. ಎಂಬತ್ತರ ಹತ್ತಿರದ ಅವಳಿಗೆ ಫಿಲ್ಟರ್ ಕಾಫಿಯ ಹೊರತು ಬೇರೊಂದು ಸಲ್ಲದು. ಭಾವ ಹೋದ ಮೇಲೂ ಅವಳು ಹೂವು ಮುಡಿಯುವುದನ್ನು ಬಿಟ್ಟಿಲ್ಲ. ಮಗ ತಾನೇ ತಂದುಕೊಡುತ್ತಾನೆ. ನಾನು ಏನನ್ನೂ ಹೇಳದೆ ಬಟ್ಟಲನ್ನು ಅವಳ ಕೈಗಿಟ್ಟೆ. ಹಾಲಿಲ್ಲದ ಚಹಾವನ್ನು ಕಂಡು ಮುಖ ಕಿವುಚಿದವಳು ಬಟ್ಟಲನ್ನು ತುಟಿಯ ಹತ್ತಿರಕ್ಕೆ ಒಯ್ದು ಹಾಗೆಯೇ ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತುಳುವಿನಲ್ಲಿ ಕೇಳಿದಳು. ನಾವಿಬ್ಬರೂ ಈಗ ತುಳು ಆಡುವುದು ಅಪರೂಪ. “ಕಿಟಕಿಯ ಹೂಜಿ ನಿನಗೂ ನೆನಪಿದೆಯೇನೊ?”

ನನಗೊಬ್ಬನಿಗೇ ಒಂದು ಗುಟುಕು ಸಿಕ್ಕಿತ್ತೆಂದು ನಾನು ಇಷ್ಟು ವರ್ಷ ತಿಳಿದಿದ್ದೆ.