ಯುದ್ಧಾಘಾತ ಮತ್ತು ಸೈನಿಕರ ವರ್ಗೀಕರಣ: ಧಾರವಾಡ–ಬೆಳಗಾವಿ ಸೀಮೆಯ ಹಿನ್ನೆಲೆಯಲ್ಲಿ

ಧಾರವಾಡದಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆ ಸ್ಥಾಪನೆಯಾಯಿತು. ಬೆಳಗಾವಿಯು 1922ರ ಸೇನಾ ಪುನರ್ವಿಂಗಡಣೆಯ ತರುವಾಯ ಮರಾಠ ಲಘು ಪದಾತಿ ದಳದ ತರಬೇತಿ ನೆಲೆಯಾಯಿತು. ಈ ಎರಡೂ ಊರುಗಳನ್ನು ಕೂಡಿಸುವ ಹೆದ್ದಾರಿಯಲ್ಲಿ, ಧಾರವಾಡಕ್ಕೆ ಸಮೀಪವಾಗಿ, ಇಂದು ಬೇಲೂರು ಕೈಗಾರಿಕಾ ಪ್ರದೇಶವಿದೆ. ದಂಡಿಗೆ ಹೋಗಿಬಂದವರ ಮನೋವ್ಯಥೆಯ ಚರಿತ್ರೆಯನ್ನು ಈ ಸೀಮೆಯಿಂದ ನೋಡಹೊರಟರೆ ಮೊದಲು ಎದುರಾಗುವುದು ವರ್ಗೀಕರಣದ ಪ್ರಶ್ನೆ.

ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಕೀಯ ಬರಹಕ್ಕೆ ತಂದರು. ಆ ಯುದ್ಧದ ಬ್ರಿಟಿಷ್ ವೈದ್ಯರು ಅಧಿಕಾರಿಗಳಲ್ಲಿ ನರದೌರ್ಬಲ್ಯವನ್ನೂ ಸಾಮಾನ್ಯ ಸಿಪಾಯಿಗಳಲ್ಲಿ ಹಿಸ್ಟೀರಿಯಾವನ್ನೂ ಹೆಚ್ಚಾಗಿ ಗುರುತಿಸಿದರು. ಮಾತು ಕಟ್ಟುವುದು, ಕೈಕಾಲು ಸೋಲುವುದು, ತಾನಿರುವ ಎಡೆಯ ಅರಿವು ತಪ್ಪುವುದು ಇದರ ಲಕ್ಷಣಗಳು. ಇಂದಿನ ಮನೋವೈದ್ಯಶಾಸ್ತ್ರ ಇವನ್ನು ವಿಘಟನೆ ಎನ್ನುತ್ತದೆ. ಭಾರತೀಯ ಸಿಪಾಯಿಯ ಮಟ್ಟಿಗೆ ಈ ದರ್ಜೆಭೇದದ ಮೇಲೆ ‘ಯೋಧ ಜನಾಂಗ’ಗಳ ಸಿದ್ಧಾಂತವೂ ಕುಳಿತಿತ್ತು. ಮೆಸೊಪೊಟೇಮಿಯಾದ ಕುತ್ ನಗರದಲ್ಲಿ 147 ದಿನಗಳ ಮುತ್ತಿಗೆಯ ಬಳಿಕ, 1916ರ ಏಪ್ರಿಲ್ 29ರಂದು ಶರಣಾದ ಪಡೆಯಲ್ಲಿ 103, 110 ಮತ್ತು 117ನೆಯ ಮರಾಠ ದಳಗಳೂ ಡಾರ್ಸೆಟ್, ನಾರ್ಫಕ್ ದಳಗಳೂ ಇದ್ದವು. ಹಸಿವು ಒಂದೇ ಆಗಿದ್ದರೂ ಅದರ ಗಾಯಗಳನ್ನು ಅಳೆದ ಕೋಲುಗಳು ಬೇರೆ.

ಎರಡನೆಯ ಮಹಾಯುದ್ಧದಲ್ಲಿ ಲಿಂಗಾಯತರ ಮತ್ತು ಕೊಡವರ ಹೆಸರಿನಲ್ಲಿಯೂ ಬೆಟಾಲಿಯನ್‌ಗಳು ರಚನೆಗೊಂಡವು. ಅರಾಕಾನ್ ರಣರಂಗದ ಭಾರತೀಯ ಸೈನಿಕರನ್ನು ಕುರಿತು ಎ. ಹಯಾಟ್ ವಿಲಿಯಮ್ಸ್ 1950ರಲ್ಲಿ ಮನೋವೈದ್ಯಕೀಯ ಅಧ್ಯಯನವೊಂದನ್ನು ಪ್ರಕಟಿಸಿದರು. ಇಂಥ ಬರಹಗಳು ಅಮೂಲ್ಯವಾದವು, ಸಂಶಯವಿಲ್ಲ. ಆದರೆ ಜಾತಿ, ಮತಗಳನ್ನು ನೋಡಿ ಭರ್ತಿ ಮಾಡಿಕೊಂಡ ಸೇನೆಯಲ್ಲಿ ಕಂಡುಬಂದ ಭೇದವನ್ನು ಜನಾಂಗದ ಸ್ವಭಾವವೆಂದು ಓದುವುದು ಅಪಾಯಕರ. ಭಾಷೆ ತಿಳಿಯದ ವೈದ್ಯನ ಮುಂದೆ ಸಿಪಾಯಿಗೆ ದೇಹವೇ ಮಾತಾಗಿದ್ದಿರಬಹುದು. ಊರಿನಲ್ಲಾದರೋ ‘ಗಾಳಿ ಸೋಕಿದೆ’, ‘ಮೈಮೇಲೆ ಬಂದಿದೆ’ ಎಂಬ ನುಡಿಗಳಿದ್ದವು. ಅವು ರೋಗನಾಮಗಳಲ್ಲ, ಆದರೂ ನೊಂದವನನ್ನು ಹೇಡಿಯೆಂದೋ ಕಪಟಿಯೆಂದೋ ಕರೆಯುವುದಿಲ್ಲ.

ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಮನ್ನಣೆಯಿತ್ತದ್ದು 1980ರಲ್ಲಿ. ಬೇಲೂರಿನಂಥ ಕೈಗಾರಿಕಾ ಪ್ರದೇಶಗಳು ನಿವೃತ್ತ ಸೈನಿಕನಿಗೆ ಹೆಚ್ಚಾಗಿ ನೀಡುವ ಕಾವಲಿನ ಕೆಲಸವು ರಾತ್ರಿಯ ಎಚ್ಚರವನ್ನು ಬೇಡುತ್ತದೆ. ಯುದ್ಧದಿಂದ ಬಂದವನಿಗೆ ಬಿಡಲಾಗದ ಚಾಳಿಯೂ ಅದೇ. ಎಚ್ಚರವು ರೋಗವಾಗಿ ತಿರುಗಿದರೆ ಪಿಂಚಣಿಯ ಪ್ರಶ್ನೆ ಹಳೆಯ ಕಡತಕ್ಕೆ ಹೋಗಿ ನಿಲ್ಲುತ್ತದೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಭರ್ತಿಯ ವೇಳೆ ರೋಗವು ದಾಖಲಾಗಿರದಿದ್ದಲ್ಲಿ ಅದು ಸೇವೆಯಿಂದಲೇ ಉಂಟಾಯಿತೆಂದು ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು. ಆ ಪ್ರಕರಣದ ಸಿಪಾಯಿಯದು ಅಪಸ್ಮಾರ. ಕುತ್‌ನಿಂದ ಮರಳಿದವರ ಕಾಲದಲ್ಲಿ ಇಂಥ ಪೂರ್ವಭಾವನೆ ಅವರ ಪರವಾಗಿರಲಿಲ್ಲ.